ಕಡವಿನ ದೋಣಿಗೆ ಕೂರಿಸಿದ ಎಂಜಿನ್

ಎಂಜಿನ್ ಬೇಕೆಂದು ನಾನು ಹಟ ಹಿಡಿದದ್ದು ಒಬ್ಬ ಹೆಂಗಸಿನ ಇಂಜೆಕ್ಷನ್ನಿಗಾಗಿ. ಆಮೇಲೆ ಊರಿನವರು ಅದಕ್ಕೆ ಬೇರೆ ಬೇರೆ ಕಾರಣ ಹೇಳಿದರು. ಗೊಬ್ಬರ ದಾಟಿಸಲಿಕ್ಕೆ, ಅಡಿಕೆ ಮೂಟೆಗೆ, ಮದುವೆ ದಿಬ್ಬಣಕ್ಕೆ ಎಂದೆಲ್ಲ. ಅವೆಲ್ಲ ನಂತರದ್ದು.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಕುಮಾರಧಾರೆಯ ಪುತ್ತೂರು ಕಡೆಯ ದಡದಲ್ಲಿ, ದೋಣಿ ದಾಟುವ ಕಡವಿನಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ, ಮಿಷನ್ನಿನವರದ್ದೊಂದು ಡಿಸ್ಪೆನ್ಸರಿ ಇತ್ತು. ನಾನು ಅಲ್ಲಿನ ಒಬ್ಬಳೇ ನರ್ಸ್. ಪುತ್ತೂರಿನಿಂದ ಡಾಕ್ಟರು ವಾರಕ್ಕೊಮ್ಮೆ ಬಂದು ಹೋಗುತ್ತಿದ್ದರು. ಉಳಿದ ದಿನಗಳಲ್ಲಿ ಗಾಯ, ಜ್ವರ, ಹೆರಿಗೆ, ಹಾವು ಕಚ್ಚಿದ್ದು, ಎಲ್ಲ ನನ್ನ ಡ್ಯೂಟಿ. ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಬಾಯಮ್ಮ ಎನ್ನುವುದು ರೂಢಿ. ನನಗೆ ಒಂದು ಹೆಸರಿದ್ದದ್ದು ಡಾಕ್ಟರಿಗೂ ಫಾದರಿಗೂ ಮಾತ್ರ ನೆನಪಿತ್ತೇನೋ.

ಆಚೆ ದಡದಲ್ಲಿ, ಪೆರಾಬೆಗೆ ಹೋಗುವ ಕಾಲುದಾರಿಯ ಬದಿಯ ಮನೆಯಲ್ಲಿ ನನ್ನ ಪೇಷಂಟ್ ಇದ್ದಳು. ಇಪ್ಪತ್ತೆರಡರ ಹತ್ತಿರದ ವಯಸ್ಸು. ಟಿ.ಬಿ. ಮನೆಯವರು ಅವಳನ್ನು ಅಂಗಳದಾಚೆಯ ಒಂದು ಸೋಗೆಯ ಕೋಣೆಯಲ್ಲಿ ಇರಿಸಿದ್ದರು. ಮೊಲೆ ಬಿಟ್ಟು ತಿಂಗಳಷ್ಟೇ ಆಗಿದ್ದ ಗಂಡುಮಗುವನ್ನು ಐವರ್ನಾಡಿನ ತವರಿಗೆ ಕಳಿಸಿದ್ದರು. ಕಫದ ಪರೀಕ್ಷೆ ಕ್ಲಿಯರ್ ಎಂದು ಬಂದ ದಿನ ಮಗುವನ್ನು ಕರೆತರುವುದೆಂದು ಮಾತಾಗಿತ್ತು. ಅವಳು ಬದುಕುತ್ತಿದ್ದದ್ದು ಆ ಒಂದು ದಿನಕ್ಕಾಗಿ.

ಟ್ರೀಟ್‌ಮೆಂಟ್ ಹೀಗಿತ್ತು: ದಿನಾ ತಿನ್ನುವ ಸಣ್ಣ ಮಾತ್ರೆ, ಡಬ್ಬಿಗಟ್ಟಲೆ ತಿನ್ನಬೇಕಾದ ಇನ್ನೊಂದು ಕಹಿ ಮಾತ್ರೆ, ಮತ್ತು ಸೋಮವಾರ, ಗುರುವಾರ ನಾನು ದೋಣಿ ದಾಟಿ ಹೋಗಿ ಕೊಡುವ ಸ್ಟ್ರೆಪ್ಟೊಮೈಸಿನ್. ಡಾಕ್ಟರು ಹೇಳಿದ್ದರು, "ಮೂರೂ ಒಟ್ಟಿಗೆ ಹೋಗಬೇಕು ಸಿಸ್ಟರ್. ಕೋರ್ಸ್ ಬ್ರೇಕ್ ಆದ್ರೆ ಮತ್ತೆ ಆ ರೋಗ ಮದ್ದಿಗೆ ಹೆದರುದಿಲ್ಲ."

ಮಳೆಗಾಲದಲ್ಲಿ ಹೇಗೆ ಎಂಬುದೇ ಪ್ರಶ್ನೆ. ಕಡವಿನ ದೋಣಿ ಹಳೆಯ ಕಾಲದ್ದು. ಹಲಗೆ ಹಲಗೆಗಳನ್ನು ತೆಂಗಿನ ಹುರಿಯಿಂದ ಹೊಲಿದು ಕಟ್ಟಿದ್ದು, ಒಂದು ಮೊಳೆಯೂ ಇಲ್ಲ. ನಡೆಸುತ್ತಿದ್ದವರು ಒಬ್ಬ ಬ್ಯಾರಿ. ನಾವೆಲ್ಲ ಸಾಯ್ಬರು ಎನ್ನುತ್ತಿದ್ದೆವು. ಉದ್ದದ ಬಿದಿರಿನ ಗಳುವನ್ನು ನದಿಯ ತಳಕ್ಕೆ ಊರಿ ದೂಡುವುದು ಅವರ ವಿದ್ಯೆ. ನೆರೆ ಬಂದರೆ ಗಳು ತಳ ಮುಟ್ಟುವುದಿಲ್ಲ. ಆಗ ನೀರು ಇಳಿಯುವವರೆಗೆ ಕಡವು ಬಂದ್.

ನನ್ನ ಹಟಕ್ಕೆ ಫಾದರ್ ಕರೆದ ಮೀಟಿಂಗಿಗೆ ತೋಟದವರು ಕೆಲವರು, ಸಾಯ್ಬರು, ಪುತ್ತೂರಿನ ಒಬ್ಬ ಮೆಕ್ಯಾನಿಕ್ ಬಂದಿದ್ದರು. ತೋಟದ ಪಂಪ್‌ಸೆಟ್‌ಗಳನ್ನೆಲ್ಲ ರಿಪೇರಿ ಮಾಡುತ್ತಿದ್ದವರು ಅವರೇ, ಹಾಗಾಗಿ ಅವರ ಮಾತಿಗೆ ತೂಕ ಜಾಸ್ತಿ.

"ಪಂಪ್‌ಸೆಟ್ಟಿನ ಎಂಜಿನ್ನೇ ಕೂರಿಸುವ. ನನಗೆ ಅದರ ಕರುಳು ಕರುಳು ಗೊತ್ತುಂಟು. ಹಿಂದೆ ಒಂದು ಶಾಫ್ಟ್, ಅದಕ್ಕೊಂದು ಫ್ಯಾನ್. ಆಯ್ತಲ್ಲ?" ಎಂದರು ಅವರು.

"ಹಿಂದಕ್ಕೆ ಹೋಗ್ಬೇಕಾದ್ರೆ?" ಎಂದೆ ನಾನು.

"ದೋಣಿಯಲ್ಲಿ ಹಿಂದಕ್ಕೆ ಯಾರು ಹೋಗುದು ಬಾಯಮ್ಮ?"

ಸಾಯ್ಬರು ನಕ್ಕರು. "ನೆರೆಯಲ್ಲಿ ಒಂದು ಮರ ಬೇರು ಸಮೇತ ಎದುರು ಬರ್ಲಿ ಮಾರಾಯ್ರೆ, ಆಗ ನೀವೇ ಹೇಳ್ತೀರಿ ಯಾರು ಹೋಗುದು ಅಂತ."

ಒಬ್ಬರು ತೋಟದವರು ಕೆಣಕಿದರು, "ನರ್ಸಿಗೆ ಎಂಜಿನ್ನಿನ ನಾಡಿ ಹಿಡೀಲಿಕ್ಕೂ ಕಲಿಸಿದ್ದಾರೋ ಎಂತ ಕಾನ್ವೆಂಟಿನಲ್ಲಿ?"

ಕಲಿಸಿರಲಿಲ್ಲ. ಆದರೆ ಇಂಗ್ಲಿಷ್ ಕಲಿಸಿದ್ದರು. ಮಂಗಳೂರಿನ ಡೀಲರಿನಿಂದ ಫಾದರ್ ತರಿಸಿದ್ದ ಕ್ಯಾಟಲಾಗುಗಳನ್ನು ನಾನು ಕೂತು ಓದಿದ್ದೆ. ನೀರಿಗೆ ಇಳಿಬಿಡುವ ಸೀಮೆಎಣ್ಣೆಯ ಮೋಟರು ಹಗುರ, ಆದರೆ ನೆರೆಯ ಕಸಕ್ಕೆ ಅದರ ಫ್ಯಾನ್ ಮೊದಲ ದಿನವೇ ಮುರಿಯುತ್ತದೆ. ಪಂಪ್‌ಸೆಟ್ ಎಂಜಿನ್ ನೆಲದ ಮೇಲೆ ನಿಂತು ನೀರೆತ್ತಲು ಹುಟ್ಟಿದ್ದು. ನೀರನ್ನು ತಳ್ಳುವ ಫ್ಯಾನು ಶಾಫ್ಟನ್ನು ಒಳಗೆ ಒತ್ತುತ್ತಲೇ ಇರುತ್ತದೆ, ಆ ಒತ್ತಡ ತಡೆಯುವ ಬೇರಿಂಗ್ ಅದಕ್ಕಿಲ್ಲ. ದೋಣಿಗೆಂದೇ ಮಾಡಿದ ಆರು ಹಾರ್ಸ್‌ಪವರಿನ ಒಂಟಿ ಸಿಲಿಂಡರ್ ಡೀಸೆಲ್ ಒಂದಿತ್ತು. ಮುಂದೆ, ಹಿಂದೆ, ಮಧ್ಯೆ ನ್ಯೂಟ್ರಲ್ ಎಂದು ಗೇರ್. ನದಿಯ ನೀರನ್ನೇ ಎಳೆದು ಮೈ ತಂಪು ಮಾಡಿಕೊಳ್ಳುವ ಪಂಪು. ಕರೆಂಟು ಬೇಡ, ಕೈಯಲ್ಲಿ ಹ್ಯಾಂಡಲ್ ತಿರುಗಿಸಿದರೆ ಸ್ಟಾರ್ಟ್. ಬೆಲೆ ಹೆಚ್ಚು. ಫಾದರ್ ನನ್ನ ಮುಖ ನೋಡಿ, "ಇದೇ ಬೇಕಾ?" ಎಂದರು. ಇದೇ ಎಂದೆ.

ಹಣದಲ್ಲಿ ತೋಟದವರ ಪಾಲೂ ಇತ್ತು. ಅವರ ಷರತ್ತು ಒಂದೇ: ಇಂಜೆಕ್ಷನ್ನಿನ ದಿನ ಬಿಟ್ಟು ಉಳಿದ ದಿನ ದೋಣಿ ತಮ್ಮ ಸಾಮಾನು ದಾಟಿಸಬೇಕು. ನ್ಯಾಯವಾದ ಮಾತು. ಯಾರೂ ಎದುರು ಹೇಳಲಿಲ್ಲ.

ಎಂಜಿನ್ ಮೇ ತಿಂಗಳಲ್ಲಿ ಲಾರಿಯಲ್ಲಿ ಬಂತು. ಮೆಕ್ಯಾನಿಕ್ ಮುನಿಸು ಮರೆತು ಬಂದರು. ಎಂಜಿನ್ನಿನ ನಡುಕಕ್ಕೆ ಹುರಿಯ ಹೊಲಿಗೆ ಸಡಿಲವಾಗುತ್ತದೆಂದು ದೋಣಿಯ ಹಿಂಭಾಗದ ಹಲಗೆಗಳನ್ನು ಬಿಚ್ಚಿ ಕಬ್ಬಿಣದ ಮೊಳೆ ಹೊಡೆದು ಮತ್ತೆ ಕೂಡಿಸಿದರು. ಕಿರಾಲುಬೋಗಿ ಮರದ ಎರಡು ದಪ್ಪ ದಿಮ್ಮಿಗಳನ್ನು ತಳಕ್ಕೆ ಉದ್ದಕ್ಕೆ ಕೂರಿಸಿ, ಅದರ ಮೇಲೆ ಎಂಜಿನ್ನನ್ನು ನಾಲ್ಕು ಉದ್ದದ ಕಬ್ಬಿಣದ ಬೋಲ್ಟುಗಳಿಂದ ಬಿಗಿದರು. ಶಾಫ್ಟ್ ಒಂದು ಕೊಳವೆಯಲ್ಲಿ ದೋಣಿಯ ಹಿಂಭಾಗವನ್ನು ತೂರಿ ಹೊರಗೆ ಹೋಗುತ್ತಿತ್ತು. ಕೊಳವೆಯ ಒಳಬಾಯಿಗೆ ಗ್ರೀಸು ಕುಡಿಸಿದ ನಾರಿನ ಹಗ್ಗ ಸುತ್ತಿ, ನೀರು ಬಾರದ ಹಾಗೆ ಒಂದು ನಟ್ಟು.

ಮ್ಯಾನುಯಲ್ ಇಂಗ್ಲಿಷಿನಲ್ಲಿತ್ತು, ಹಾಗಾಗಿ ಎಂಜಿನ್ನಿನ ಆರೈಕೆ ನನ್ನ ಮೇಲೆಯೇ ಬಂತು. ನಾನು ಓದಿ ಹೇಳುವುದು, ಸಾಯ್ಬರು ಮಾಡುವುದು. ಬೆಳಿಗ್ಗೆ ಡಿಸ್ಪೆನ್ಸರಿ ತೆರೆಯುವ ಮೊದಲು ಆಯಿಲ್ ನೋಡಬೇಕು, ಡೀಸೆಲ್ಲನ್ನು ಬಟ್ಟೆಯಲ್ಲಿ ಸೋಸಿ ಹಾಕಬೇಕು, ನೀರು ಎಳೆಯುವ ಜಾಲರಿ ಬಿಚ್ಚಿ ತೊಳೆಯಬೇಕು.

ಮೊದಲ ತೊಂದರೆ ಜೂನಿನಲ್ಲೇ ಬಂತು. ನಡುನದಿಯಲ್ಲಿ ಕೊಳವೆಯ ಹತ್ತಿರ ಸುಟ್ಟ ವಾಸನೆ. ಮುಟ್ಟಿದರೆ ಶಾಫ್ಟ್ ಕಾದ ಬಾಣಲೆಯ ಹಾಗೆ. ಸಾಯ್ಬರು ಆ ನಟ್ಟನ್ನು ಇದ್ದ ಬಲವೆಲ್ಲ ಹಾಕಿ ಬಿಗಿದಿದ್ದರು.

"ನೀರು ತೊಟ್ಟಿಕ್ತಾ ಇತ್ತು ಬಾಯಮ್ಮ."

"ತೊಟ್ಟಿಕ್ಕಬೇಕು ಸಾಯ್ಬರೆ. ಆ ಹನಿ ನೀರೇ ಅದನ್ನು ತಂಪು ಮಾಡುದು. ಪುಸ್ತಕದಲ್ಲಿ ಹಾಗೇ ಉಂಟು."

"ಪುಸ್ತಕ ಬರೆದವನು ದೋಣಿಯಲ್ಲಿ ಕೂತು ಬರೆದದ್ದಾ? ನನ್ನ ಅಪ್ಪ ಈ ದೋಣಿಯೊಳಗೆ ಒಂದು ಹನಿ ಬಂದ್ರೆ ಊಟ ಮಾಡ್ತಿರಲಿಲ್ಲ."

ನಟ್ಟು ಸಡಿಲಿಸಿದರು. ಆದರೆ ಆ ಹನಿಗಳನ್ನು ಕಂಡಾಗಲೆಲ್ಲ ಮುಖ ತಿರುಗಿಸುತ್ತಿದ್ದರು, ಮನೆಯೊಳಗೆ ಯಾರೋ ಉಗುಳಿದ ಹಾಗೆ.

ಇನ್ನೊಮ್ಮೆ ಎಂಜಿನ್ ಕೆಮ್ಮಿ ಕೆಮ್ಮಿ ನಿಂತಿತು. ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿತ್ತು. ಸ್ಕ್ರೂ ಸಡಿಲಿಸಿ, ನೊರೆ ಹೋಗಿ ಶುದ್ಧ ಡೀಸೆಲ್ ಬರುವವರೆಗೆ ಕೈಪಂಪು ಒತ್ತಬೇಕು. ಸಿರಿಂಜಿನ ಗಾಳಿ ತೆಗೆದ ಹಾಗೆಯೇ. ಅದು ಮಾತ್ರ ನನಗೆ ಯಾರೂ ಕಲಿಸಬೇಕಾಗಲಿಲ್ಲ. ಜಾಲರಿಗೆ ಎಲೆ ಕಟ್ಟಿ ಎಂಜಿನ್ ಕಾದದ್ದು ಎಷ್ಟು ಸಲವೋ. ಇಷ್ಟಾದರೂ, ಗಳು ತಳ ಮುಟ್ಟದ ಆ ಜೂನ್, ಜುಲೈಯಲ್ಲಿ ಒಂದು ಸೋಮವಾರವನ್ನೂ ಒಂದು ಗುರುವಾರವನ್ನೂ ನಾವು ತಪ್ಪಿಸಲಿಲ್ಲ.

ಅವಳು ಮೈತುಂಬತೊಡಗಿದ್ದಳು. ಸಂಜೆಯ ಜ್ವರ ನಿಂತಿತ್ತು. ಒಂದು ದಿನ ಇಂಜೆಕ್ಷನ್ ಚುಚ್ಚುವಾಗ ಮೂಗು ಮುಚ್ಚಿಕೊಂಡಳು.

"ಎಂತ ಮಾರಾಯ್ತಿ?"

"ನಿಮ್ಮ ಕೈಯೆಲ್ಲ ಡೀಸೆಲ್ ವಾಸನೆ ಬಾಯಮ್ಮ. ಮೊದಲಿನ ಸ್ಪಿರಿಟ್ ವಾಸನೆಯೇ ಒಳ್ಳೆದಿತ್ತು."

"ಹಾಗಾದ್ರೆ ಈಜಿಕೊಂಡು ಬರ್ತೇನೆ ನಾಳೆಯಿಂದ."

ಅವಳು ನಕ್ಕಳು, ಕೆಮ್ಮು ಬರಲಿಲ್ಲ. ನಗುವಿನ ಹಿಂದೆ ಕೆಮ್ಮು ಬಾರದ್ದನ್ನು ಇಬ್ಬರೂ ಗಮನಿಸಿದೆವು. ಅಂಗಳದಲ್ಲಿ ಅವಳ ಅತ್ತೆ ಮಾತ್ರ, "ಮಾತ್ರೆ ಸರಿ ತಿಂತಾಳೋ ಇಲ್ವೋ ಕೇಳಿ ಬಾಯಮ್ಮ, ಕಹಿ ಅಂತ ಎಲ್ಲಿಯಾದರೂ ಬಿಸಾಡ್ತಾಳೆ" ಎಂದು ಪ್ರತಿ ಸಲದ ಹಾಗೆ ಅಂದರು.

ಈಗ ಮೈಲುತುತ್ತಿನ ವಿಷಯ ಹೇಳಬೇಕು. ಅಡಿಕೆಗೆ ಕೊಳೆರೋಗ ಬಾರದ ಹಾಗೆ ಮಳೆಗಾಲದ ಮೊದಲೊಮ್ಮೆ, ನಡುವೆ ಇನ್ನೊಮ್ಮೆ ಮೈಲುತುತ್ತು ಸುಣ್ಣ ಬೆರೆಸಿ ಸಿಂಪಡಿಸುತ್ತಾರೆ. ಆ ನೀಲಿ ಹರಳಿನ ಗೋಣಿಗಳು ಪುತ್ತೂರಿನಿಂದ ಬಂದು ನಮ್ಮ ಕಡವಿನಿಂದಲೇ ಆಚೆ ದಾಟುತ್ತಿದ್ದವು. ತಲೆಮಾರಿನಿಂದ ಹಾಗೆಯೇ. ಗೋಣಿ ಒದ್ದೆಯಾಗಿ ನೀಲಿ ನೀರು ದೋಣಿಯ ತಳದಲ್ಲಿ ನಿಲ್ಲುತ್ತಿತ್ತು. ಬೇರೆ ನೀರಾದರೆ ಸಾಯ್ಬರು ಆ ಕ್ಷಣವೇ ಅಡಿಕೆ ಹಾಳೆಯಲ್ಲಿ ಮೊಗೆದು ಚೆಲ್ಲುತ್ತಿದ್ದರು. ತುತ್ತಿನ ನೀರನ್ನು ಮಾತ್ರ ಬೇಕೆಂದೇ ಬಿಡುತ್ತಿದ್ದರು.

"ಇದು ಮರಕ್ಕೆ ಮದ್ದು ಬಾಯಮ್ಮ. ಹುಳ ಹತ್ತಿರ ಬರುದಿಲ್ಲ. ಈ ದೋಣಿಗೆ ಇಷ್ಟು ಆಯಸ್ಸು ಎಲ್ಲಿಂದ ಬಂದದ್ದು ಗ್ರಹಿಸಿದ್ದೀರಿ?"

ಅದು ಸುಳ್ಳಲ್ಲ. ಹುರಿಯಿಂದ ಹೊಲಿದ ದೋಣಿಗೆ ಅದು ಮದ್ದೇ ಆಗಿತ್ತು.

ಆಟಿ ತಿಂಗಳಲ್ಲಿ, ಆಗಸ್ಟ್ ಶುರುವಾಗುವ ಹೊತ್ತಿಗೆ, ಎರಡನೆಯ ಸಿಂಪಡಣೆಯ ಗೋಣಿಗಳು ಬಂದವು. ಅದಾದ ಮೇಲೆ ಎಂಜಿನ್ನಿನ ಸದ್ದು ಬದಲಾಯಿತು. ನನ್ನ ಕಾಲಡಿಯ ಹಲಗೆ ಹಲ್ಲು ಕಡಿದ ಹಾಗೆ ನಡುಗುತ್ತಿತ್ತು. ಮೆಕ್ಯಾನಿಕ್ ಬಂದು ಶಾಫ್ಟಿನ ನೇರ ತಪ್ಪಿದೆ ಎಂದು ತಗಡಿನ ತುಂಡು ಇಟ್ಟು ಸರಿಮಾಡಿದರು. ಎರಡು ಸಲ ದಾಟುವುದರೊಳಗೆ ಮತ್ತೆ ಅದೇ ನಡುಕ. ಅವರು ಟಾರ್ಚು ಹಿಡಿದು ಕೆಳಗೆ ನೋಡಿದರು.

"ನೋಡಿ ಬಾಯಮ್ಮ, ಬೋಲ್ಟಿಗೆ ಒಂಚೂರೂ ತುಕ್ಕಿಲ್ಲ. ತಾಮ್ರದ ಹಾಗೆ ಹೊಳೀತದೆ."

ನಾನು ಬಗ್ಗಿ ನೋಡಿದೆ. ನಿಜ. ನೀಲಿ ನೀರಿನಲ್ಲಿ ಅರ್ಧ ಮುಳುಗಿದ ಬೋಲ್ಟಿನ ತಲೆ ಕೆಂಪಗೆ, ಹೊಸ ಬಿಂದಿಗೆಯ ಹಾಗೆ.

ಕಾನ್ವೆಂಟಿನ ಸೈನ್ಸ್ ಕ್ಲಾಸಿನಲ್ಲಿ ಸಿಸ್ಟರ್ ಒಬ್ಬರು ಗಾಜಿನ ಲೋಟದಲ್ಲಿ ಕರಗಿಸಿದ ಇದೇ ಮೈಲುತುತ್ತಿನ ನೀಲಿ ದ್ರಾವಣಕ್ಕೆ ಒಂದು ಕಬ್ಬಿಣದ ಮೊಳೆ ಹಾಕಿ ಬಿಡುತ್ತಿದ್ದರು. ಪಾಠ ಮುಗಿಯುವ ಹೊತ್ತಿಗೆ ಮೊಳೆಗೆ ತಾಮ್ರದ ಬಣ್ಣ. ನಾವು ಹುಡುಗಿಯರು ಚಪ್ಪಾಳೆ ತಟ್ಟುತ್ತಿದ್ದೆವು. ಆಗ ಅವರು, "ಗರ್ಲ್ಸ್, ತಾಮ್ರ ಬಂದು ಕೂತಿತು, ಸರಿ. ಕಬ್ಬಿಣ ಎಲ್ಲಿಗೆ ಹೋಯಿತು?" ಎಂದು ಕೇಳುತ್ತಿದ್ದರು.

"ಸ್ಪಾನರ್ ಹಾಕಿ ಒಮ್ಮೆ ತಿರುಗಿಸಿ" ಎಂದೆ.

ಮೆಕ್ಯಾನಿಕ್ ತಿರುಗಿಸಿದರು. ಬೋಲ್ಟಿನ ತಲೆ ಸ್ಪಾನರಿನೊಳಗೆ ಉಳಿದು ಹೊರಗೆ ಬಂತು. ಕೆಳಗಿನ ತುಂಡು ಪೆನ್ಸಿಲಿನಷ್ಟು ತೆಳ್ಳಗಾಗಿತ್ತು. ಎರಡನೆಯದೂ ಹಾಗೆಯೇ. ಉಳಿದ ಎರಡನ್ನು ಮುಟ್ಟಲು ಯಾರಿಗೂ ಧೈರ್ಯ ಬರಲಿಲ್ಲ. ಸಾಯ್ಬರು ಹೆಬ್ಬೆರಳಿನಿಂದ ಹಿಂಭಾಗದ ಒಂದು ಮೊಳೆಯನ್ನು ಒತ್ತಿದರು. ಅದು ಹಲಗೆಯೊಳಗೆ ಹೋಗಿಬಿಟ್ಟಿತು. ಹೆಬ್ಬೆರಳನ್ನು ಅಲ್ಲೇ ಇಟ್ಟು ಬಹಳ ಹೊತ್ತು ಕೂತರು. ಅಪ್ಪನಿಂದ ಬಂದ ದೋಣಿ ಅದು.

ಅಂದು ಬುಧವಾರ. ಹೊಳೆ ಕೆಂಪಗೆ, ದಡದ ಬಿದಿರಿನ ಬುಡದವರೆಗೆ ಏರಿತ್ತು. ಮರುದಿನ ಇಂಜೆಕ್ಷನ್.

ಗುರುವಾರ ಬೆಳಿಗ್ಗೆ ನಾನು ಬ್ಯಾಗು ಹಿಡಿದು ಕಡವಿಗೆ ಬಂದಾಗ ಸಾಯ್ಬರು ಎಂಜಿನ್ನನ್ನು ತೆಂಗಿನ ಹಗ್ಗದಿಂದ ದಿಮ್ಮಿಗೆ ಕಟ್ಟುತ್ತಿದ್ದರು.

"ಮೆಲ್ಲ ಹೋಗುವ ಬಾಯಮ್ಮ. ಹೇಗಾದರೂ ಒಂದು ಸಲ ದಾಟಿದ್ರೆ ನೀವು ಮದ್ದು ತಕೊಂಡು ಅಲ್ಲೇ ಕೂತ್ಕೊಳ್ಳಿ."

"ನೀವು?"

"ನಾನು ಹೇಗಾದರೂ ಬರ್ತೇನೆ."

"ಹೇಗೆ?"

ಅವರು ಹಗ್ಗ ಎಳೆದು ಗಂಟು ಹಾಕಿದರು. ನಾನು ದೋಣಿಯೊಳಗೆ ಇಳಿದು ಹಿಂಭಾಗದಲ್ಲಿ ನಿಂತೆ. ಕಾಲಡಿ ಹಲಗೆ ಉಸಿರಾಡಿದ ಹಾಗೆ ಮೇಲೆ ಕೆಳಗೆ ಆಗುತ್ತಿತ್ತು. ಎಂಜಿನ್ ನಡುನೀರಿನಲ್ಲಿ ಕಿತ್ತುಕೊಂಡರೆ ಶಾಫ್ಟ್ ಹಿಂದಕ್ಕೆ ಜಾರುತ್ತದೆ, ಕೊಳವೆಯ ಬಾಯಿ ತೆರೆದುಕೊಳ್ಳುತ್ತದೆ, ಆ ಮೊಳೆಗಳ ಹಲಗೆ ಬಿಚ್ಚಲು ಇನ್ನೇನೂ ಬೇಡ. ಸಾಯ್ಬರ ಮನೆ ಕಡವಿನ ಮೇಲೆಯೇ ಇತ್ತು. ಬಾಗಿಲಲ್ಲಿ ಅವರ ಹೆಂಡತಿ ನಿಂತಿದ್ದರು.

"ಹಗ್ಗ ಬಿಚ್ಚಿ" ಎಂದೆ.

"ಆ ಹುಡುಗಿಗೆ?"

"ಹಗ್ಗ ಬಿಚ್ಚಿ ಸಾಯ್ಬರೆ. ದೋಣಿ ಹೋಗುದಿಲ್ಲ."

ಅವರಿಗೆ ಸಿಟ್ಟು ಬಂತು. "ನಿಮಗೆ ನನ್ನ ಮೇಲೆ ವಿಶ್ವಾಸ ಇಲ್ಲ ಅಂತ ಹೇಳಿ!"

"ನಿಮ್ಮ ಮೇಲೆ ಉಂಟು. ಮೊಳೆಯ ಮೇಲೆ ಇಲ್ಲ."

ಶುಕ್ರವಾರ ನಾನು ಸುತ್ತುದಾರಿ ಹಿಡಿದೆ. ಉಪ್ಪಿನಂಗಡಿಯವರೆಗೆ ಬಸ್ಸು, ಅಲ್ಲಿಂದ ಪೆರಾಬೆಯ ಕಡೆ ನಡಿಗೆ. ಅರ್ಧ ದಾರಿಯಲ್ಲಿ ಒಂದು ತೋಡು ಗದ್ದೆಗಳ ಮೇಲೆಲ್ಲ ಹರಡಿಕೊಂಡು ಹರಿಯುತ್ತಿತ್ತು. ದಾಟುವ ಮರದ ಸಂಕ ಕೊಚ್ಚಿಹೋಗಿತ್ತು. ಆಚೆ ಬದಿಯಲ್ಲಿ ನಿಂತಿದ್ದ ಒಬ್ಬರು ಕೈ ಬೀಸಿ, ಹಿಂದೆ ಹೋಗಿ, ಮಳೆ ಬಿಡದೆ ಇನ್ನು ಸಂಕ ಆಗುದಿಲ್ಲ ಎಂದು ಕೂಗಿದರು. ಒದ್ದೆಯಾಗಬಾರದೆಂದು ತಲೆಯ ಮೇಲೆ ಇಟ್ಟುಕೊಂಡಿದ್ದ ಮದ್ದಿನ ಬ್ಯಾಗನ್ನು ಹಾಗೆಯೇ ಹೊತ್ತು ವಾಪಸು ಬಂದೆ.

ಮೆಕ್ಯಾನಿಕ್ ಬೋಲ್ಟಿಗೆಂದು ಮಂಗಳೂರಿಗೆ ಹೋದರು. ಹಿತ್ತಾಳೆಯ ಬೋಲ್ಟು, ತಾಮ್ರದ ಮೊಳೆ ಬೇಕೆಂದು ನಾನು ಬರೆದುಕೊಟ್ಟಿದ್ದೆ. ಬೋಲ್ಟನ್ನು ಹೇಳಿ ಮಾಡಿಸಬೇಕಾಯಿತು. ಈ ನಡುವೆ ಸಾಯ್ಬರು ದೋಣಿಯನ್ನು ದಡಕ್ಕೆ ಎಳೆಸಿ ಹಿಂಭಾಗದ ಹಲಗೆ ಬಿಚ್ಚಿದರು. ಬಿಚ್ಚಲು ಸುತ್ತಿಗೆ ಬೇಕಾಗಲಿಲ್ಲ, ಕೈಯಲ್ಲೇ ಬಂತು. ನನ್ನ ಹತ್ತಿರ ಬಂದು, "ನೀವು ಹೇಳಿದ್ದು ಸರಿ" ಎಂದರು. ಇನ್ನೂ ಸಿಟ್ಟಿನಲ್ಲೇ ಅಂದರು.

ಸೋಮವಾರ ಅವಳು ಆಚೆ ದಡಕ್ಕೆ ಬಂದಳು. ನಾನು ದಾಟುತ್ತಿದ್ದ ಹೊತ್ತಿಗೇ ಸರಿಯಾಗಿ, ಓಲೆಯ ಕೊಡೆ ಹಿಡಿದು ನಿಂತಳು. ನೀರಿನ ಆರ್ಭಟದಲ್ಲಿ ಕೂಗಿದರೆ ಕೇಳುವ ಹಾಗಿರಲಿಲ್ಲ. ಗುರುವಾರ ಮತ್ತೆ ಬಂದಳು. ಮುಂದಿನ ಸೋಮವಾರವೂ. ಒಂದು ದಿನ ಸೆರಗಿನಿಂದ ಮಾತ್ರೆಯ ಬಾಟ್ಲಿ ತೆಗೆದು ಎತ್ತಿ ತೋರಿಸಿದಳು. ತಿನ್ನುತ್ತಾ ಇದ್ದೇನೆ, ಬಿಟ್ಟಿಲ್ಲ ಎಂದು. ಸಣ್ಣ ಮಾತ್ರೆಯ ಬಾಟ್ಲಿ ಅದು. ನಾನೇ ದಾಟಿಸಿ ಕೊಡುತ್ತಿದ್ದ ಕಹಿ ಮಾತ್ರೆಯ ಡಬ್ಬಿ ಅಷ್ಟರಲ್ಲಿ ಖಾಲಿಯಾಗಿತ್ತೆಂದು ನನಗೆ ಅಂದಾಜಿತ್ತು. ಒಂದಾದರೂ ಹೊಟ್ಟೆಗೆ ಹೋಗುತ್ತಿದೆಯಲ್ಲ ಎಂದು ಸಮಾಧಾನಪಟ್ಟು ನಾನೂ ಕೈ ಎತ್ತಿದೆ. ಗುಡ್ ಗರ್ಲ್, ಎಂದು ಜೋರಾಗಿ ಕೂಗಿದೆ ಕೂಡ, ಯಾರಿಗೂ ಕೇಳದಿದ್ದರೂ.

ಆಟಿ ಕಳೆದು ಸೋಣ ತಿಂಗಳು ಅರ್ಧವಾಗುವಾಗ, ಸೆಪ್ಟೆಂಬರಿನ ಶುರುವಿಗೆ, ದೋಣಿ ತಯಾರಾಯಿತು. ಇನ್ನು ಮುಂದೆ ತುತ್ತಿನ ಗೋಣಿ ಈ ದೋಣಿಗೆ ಹತ್ತಕೂಡದು ಎಂದು ಸಾಯ್ಬರೇ ಕಡ್ಡಾಯ ಮಾಡಿದರು. ತೋಟದವರು ಜಗಳವಾಡಿದರು, ಸಾಯ್ಬರು ಬಗ್ಗಲಿಲ್ಲ. ಎಂಜಿನ್ ಒಳ್ಳೆಯ ಸದ್ದು ಮಾಡುತ್ತಾ ನನ್ನನ್ನು ದಾಟಿಸಿತು. ಅವಳ ಕೈ ಹಿಡಿದಾಗಲೇ ಗೊತ್ತಾಯಿತು. ಬೆಳಿಗ್ಗೆಯ ಹೊತ್ತಿಗೇ ಮೈ ಬಿಸಿ.

ಮೂರೂ ಮದ್ದು ಮತ್ತೆ ಶುರು ಮಾಡಿದೆವು. ದೀಪಾವಳಿಯವರೆಗೆ ಕಾದೆವು. ಜ್ವರ ಇಳಿಯಲಿಲ್ಲ. ಕಫ ಮಂಗಳೂರಿಗೆ ಹೋಗಿ ಕೆಟ್ಟ ಸುದ್ದಿಯೇ ಬಂತು. ಡಾಕ್ಟರು ಡಿಸ್ಪೆನ್ಸರಿಯ ಬಾಗಿಲು ಮುಚ್ಚಿ ಕೂತು ಒಂದೊಂದೇ ಕೇಳಿದರು. ಯಾವುದು ನಿಂತಿತ್ತು, ಯಾವುದು ತಿಂದಳು, ಎಷ್ಟು ಕಾಲ.

"ಅದೊಂದನ್ನೇ ತಿಂದದ್ದು ಕಷ್ಟ ಆಯ್ತು ಸಿಸ್ಟರ್" ಎಂದರು. "ಒಂದೇ ಮದ್ದನ್ನು ಆ ರೋಗ ಕಲ್ತುಬಿಡ್ತದೆ. ಮೂರೂ ನಿಂತಿದ್ರೆ ನಮ್ಗೆ ಇನ್ನೊಂದು ಚಾನ್ಸ್ ಇತ್ತು."

"ತಿನ್ನದೆ ಇದ್ದಿದ್ರೆ?"

"ತಿನ್ನದೆ ಇದ್ದಿದ್ರೆ ಒಳ್ಳೆದಿತ್ತು." ಬಾಗಿಲು ತೆರೆಯಲು ಎದ್ದವರು, "ಇದನ್ನು ಅವಳಿಗೆ ಹೇಳ್ಬೇಡಿ" ಎಂದರು.

ಬೇಸಿಗೆಯಲ್ಲಿ ಹೊಳೆ ಬತ್ತಿ ಕಲ್ಲುಗಳು ಎದ್ದವು. ಎಂಜಿನ್ನಿಗೆ ಟಾರ್ಪಾಲು ಹೊದೆಸಿ ಸಾಯ್ಬರು ಮತ್ತೆ ಗಳು ಹಿಡಿದಿದ್ದರು. ನಾನು ದಿನಾ ಹೋಗುತ್ತಿದ್ದೆ. ಕೊಡಲು ಹೆಚ್ಚೇನೂ ಇರಲಿಲ್ಲ. ಬೆನ್ನು ಒರೆಸುವುದು, ಬಟ್ಟೆ ಬದಲಿಸುವುದು. ಎಲುಬಿನ ಮೇಲೆ ಚರ್ಮ ಮಾತ್ರ ಉಳಿದಿತ್ತು.

"ನಾನು ಒಂದು ದಿವಸವೂ ಬಿಡ್ಲಿಲ್ಲ ಬಾಯಮ್ಮ" ಎಂದಳು. "ನೀವು ನೋಡಿದ್ದೀರಿ, ಅಲ್ವಾ?"

"ನೋಡಿದ್ದೇನೆ."

"ಅತ್ತೆ ನಂಬುದಿಲ್ಲ. ನಾನು ಬಿಸಾಡಿದ್ದಕ್ಕೇ ಹೀಗಾದ್ದು ಅಂತಾರೆ. ಮಗ ದೊಡ್ಡ ಆದ್ಮೇಲೆ ಅವನಿಗೂ ಹಾಗೇ ಹೇಳ್ತಾರೆ." ಉಸಿರು ಸಾಲದೆ ನಿಲ್ಲಿಸಿದಳು. "ನೀವೊಮ್ಮೆ ಹೇಳಿ ಅವರಿಗೆ."

ಅಂಗಳದಲ್ಲಿ ಅತ್ತೆ ಭತ್ತ ಒಣಗಲು ಹಾಕಿ ಕಾಲಿನಿಂದ ಎಳೆಯುತ್ತಿದ್ದರು. ನಾನು ಹೊರಗೆ ಬಂದು ಕೋಣೆಯ ಬಾಗಿಲ ಬಳಿಯೇ ನಿಂತುಕೊಂಡು ಹೇಳಿದೆ, ಅವಳು ಒಂದು ಮಾತ್ರೆಯನ್ನೂ ಬಿಸಾಡಲಿಲ್ಲ, ಒಂದು ದಿನವನ್ನೂ ತಪ್ಪಿಸಲಿಲ್ಲ, ನಾನು ಕಣ್ಣಾರೆ ನೋಡಿದ್ದೇನೆ.

ಅತ್ತೆ ಕಾಲು ನಿಲ್ಲಿಸಿದರು. "ಹಾಗಾದ್ರೆ ನಿಮ್ಮ ಮದ್ದೇ ಸರಿ ಇಲ್ಲ ಬಾಯಮ್ಮ."

"ಹೌದು" ಎಂದೆ. ಒಳಗೆ ಮಲಗಿದ್ದವಳಿಗೆ ಕೇಳಿಸುವಷ್ಟು ಗಟ್ಟಿಯಾಗಿ ಎಂದೆ.